ನುಡಿಯಲ್ಲಿ ಟೈಪ್ ಮಾಡಿದ ವರ್ಡ್ ಪಟ್ಟಿಯನ್ನು ಎಕ್ಸೆಲ್‌ಗೆ ತರೋದು ಹೇಗೆ? ಹೆಸರು, ಸರ್ವೆ ನಂಬರ್ ಎಲ್ಲಾ ಕೆಟ್ಟಿದೆ

ಅಡಿಕೆಲೆಕ್ಕ

ಎಲ್ಲರಿಗೂ ನಮಸ್ಕಾರ. ನಾನು ಮಲೆನಾಡಿನ ಒಂದು ಸಣ್ಣ ಸಹಕಾರ ಸಂಘದಲ್ಲಿ ಗುಮಾಸ್ತ. ನಮ್ಮ ಸದಸ್ಯರ ಪಟ್ಟಿ 2004ರಿಂದಲೂ ವರ್ಡ್ ಫೈಲಿನಲ್ಲೇ ಇದೆ. ಊರಿಗೊಂದು ಫೈಲ್. ಒಟ್ಟು 23 ಫೈಲ್, 1,386 ಸದಸ್ಯರು. ಎಲ್ಲಾ ಟೇಬಲ್ ಹಾಕಿ, ನುಡಿ ಅನ್ನೋ ಕನ್ನಡ ತಂತ್ರಾಂಶದ ಫಾಂಟಿನಲ್ಲಿ ಟೈಪ್ ಮಾಡಿದ್ದು. ನನಗಿಂತ ಮೊದಲು ಇದ್ದವರು ತುಂಬಾ ಅಚ್ಚುಕಟ್ಟಾಗಿ ಮಾಡಿಟ್ಟಿದ್ದಾರೆ. ಈಗ ಅದೇ ಪಟ್ಟಿ ಎಕ್ಸೆಲ್‌ನಲ್ಲಿ, ಯೂನಿಕೋಡ್ (ಎಲ್ಲಾ ಗಣಕಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಕನ್ನಡದಲ್ಲಿ ಬೇಕು ಅಂತ ಮೇಲಿನಿಂದ ಪತ್ರ ಬಂದಿದೆ.

ನಾನು ಮಾಡಿದ್ದು ಇಷ್ಟು. ವರ್ಡ್‌ನಿಂದ ಟೇಬಲ್ ಕಾಪಿ ಮಾಡಿ ಎಕ್ಸೆಲ್‌ಗೆ ಹಾಕಿದೆ. ಅದನ್ನು ಸಿಎಸ್‌ವಿ (ಕಾಲಂಗಳ ನಡುವೆ ಅಲ್ಪವಿರಾಮ ಇರುವ ಬರೀ ಪಠ್ಯದ ಫೈಲ್) ಆಗಿ ಉಳಿಸಿದೆ. ಆ ಸಿಎಸ್‌ವಿಯನ್ನು ಒಂದು ಪರಿವರ್ತಕಕ್ಕೆ ಕೊಟ್ಟು ಯೂನಿಕೋಡ್ ಮಾಡಿದೆ. ಮತ್ತೆ ಎಕ್ಸೆಲ್‌ನಲ್ಲಿ ತೆರೆದೆ.

ಸದಸ್ಯತ್ವ ಸಂಖ್ಯೆ 00417 ಇದ್ದದ್ದು 417 ಆಗಿದೆ. ಸರ್ವೆ ನಂಬರ್ 12/3 ಇದ್ದ ಕಡೆ '12-ಮಾರ್ಚ್' ಅಂತ ಬಂದಿದೆ. ಬ್ಯಾಂಕ್ ಖಾತೆ ಸಂಖ್ಯೆಯ ಕೊನೆಯಲ್ಲಿ ಇಲ್ಲದ ಸೊನ್ನೆಗಳು. ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್ ಇಂಗ್ಲಿಷಿನಲ್ಲಿತ್ತು, ಅದು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿದೆ. ವಿಳಾಸ ಎರಡು ಸಾಲಿದ್ದ ಕಡೆಯೆಲ್ಲ ಒಬ್ಬ ಸದಸ್ಯ ಎರಡು ಸಾಲಿಗೆ ಹರಿದು ಹೋಗಿದ್ದಾರೆ. 1,386 ಇರಬೇಕಾದ ಸಾಲು ಈಗ 1,902.

ಈ ಪಟ್ಟಿಯಲ್ಲಿ ಹೆಸರು ತಪ್ಪಿದರೆ ಆ ಮನುಷ್ಯನಿಗೆ ಸಭೆಯ ನೋಟಿಸ್ ಹೋಗಲ್ಲ. ಖಾತೆ ನಂಬರ್ ತಪ್ಪಿದರೆ ಡಿವಿಡೆಂಡ್ ಹೋಗಲ್ಲ. ಹಾಗಾಗಿ ಅಂದಾಜಿನ ಮೇಲೆ ಮಾಡೋಕೆ ನನಗೆ ಧೈರ್ಯ ಇಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ಹಳೇಕೀಲಿಮಣೆ

ಮೊದಲ ಪ್ರಶ್ನೆ. ಮೂಲ ವರ್ಡ್ ಫೈಲುಗಳು ಹಾಗೇ ಇವೆಯಾ? ಅದರ ಮೇಲೆ ಏನನ್ನೂ ಸೇವ್ ಮಾಡಿಲ್ಲ ತಾನೇ? ಮಾಡಿಲ್ಲ ಅಂದರೆ ಏನೂ ಕಳೆದುಹೋಗಿಲ್ಲ. ಈಗಲೇ ಆ ಫೋಲ್ಡರನ್ನು ಒಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿ ಎತ್ತಿಡಿ. ಈಗ ಮಾಡಿರುವ ಸಿಎಸ್‌ವಿಯನ್ನು ರಿಪೇರಿ ಮಾಡೋಕೆ ಹೋಗಬೇಡಿ. ಅದರಲ್ಲಿ ಹೋದದ್ದು ಹೋಯಿತು.

ನಾನು ಇಪ್ಪತ್ತು ವರ್ಷ ಡಿಟಿಪಿ ಕೆಲಸ ಮಾಡಿದವನು. ನಿಮ್ಮ ಕಷ್ಟದ ಬೇರು ಒಂದೇ ಕಡೆ ಇದೆ. ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಫೈಲಿನೊಳಗೆ ಕನ್ನಡ ಇರೋದೇ ಇಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು ಇರುತ್ತವೆ. ಆ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ತೋರಿಸೋದು ಫಾಂಟಿನ ಕೆಲಸ. 'ಕನ್ನಡ' ಅನ್ನೋ ಪದವನ್ನೇ ನೋಡಿ. ಫೈಲಿನೊಳಗೆ ಅದು ಏಳು ಗುರುತು: ದೊಡ್ಡ ಪಿ, ತಲೆ ಮೇಲೆ ಗೀಟಿರುವ ದೊಡ್ಡ ಎ, ಪೌಂಡ್ ಹಣದ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಮತ್ತೆ ಗೀಟಿನ ಎ. ಯೂನಿಕೋಡ್‌ನಲ್ಲಿ ಅದೇ ಪದ ಐದು ಗುರುತು: ಕ, ನ, ಒತ್ತಕ್ಷರ ಮಾಡುವ ಹಲಂತದ ಗುರುತು, ನ, ಡ.

ಅಂದರೆ ಹಳೇ ಫೈಲಿನಲ್ಲಿ ಫಾಂಟ್ ಅನ್ನೋದು ಅಲಂಕಾರ ಅಲ್ಲ. ಅದೇ ಅರ್ಥ. 'ಇದು ನುಡಿ, ಇದು ಟೈಮ್ಸ್' ಅಂತ ವರ್ಡ್ ಫೈಲಿನಲ್ಲಿ ತುಂಡು ತುಂಡಿಗೂ ಬರೆದಿರುತ್ತೆ. ಎಕ್ಸೆಲ್ ಫೈಲಿನಲ್ಲೂ ಇರುತ್ತೆ. ಸಿಎಸ್‌ವಿಯಲ್ಲಿ ಫಾಂಟ್ ಉಳಿಯೋದೇ ಇಲ್ಲ. ನೀವು ಸಿಎಸ್‌ವಿ ಮಾಡಿದ ಗಳಿಗೆಯಲ್ಲೇ ಯಾವುದು ಕನ್ನಡ, ಯಾವುದು ಇಂಗ್ಲಿಷ್ ಅನ್ನೋ ಮಾಹಿತಿ ಹೋಯಿತು. ಪರಿವರ್ತಕ ಐಎಫ್‌ಎಸ್‌ಸಿ ಕೋಡನ್ನೂ ಕನ್ನಡ ಅಂದುಕೊಂಡಿತು. ಅದರ ತಪ್ಪಲ್ಲ.

ಹಾಗಾಗಿ ಅಕ್ಷರ ಬದಲಿಸೋದು ಒಂದು ಹೆಜ್ಜೆ, ಫಾರ್ಮ್ಯಾಟ್ ಬದಲಿಸೋದು ಬೇರೆ ಹೆಜ್ಜೆ. ಎರಡನ್ನೂ ಒಟ್ಟಿಗೆ ಮಾಡಬೇಡಿ.

ಮೇಷ್ಟ್ರು

ಅಡಿಕೆಲೆಕ್ಕ ಅವರೇ, ನನ್ನದೂ ಒಂದು ಅನುಭವ ಸೇರಿಸುತ್ತೇನೆ. ನಿವೃತ್ತ ಶಿಕ್ಷಕರ ಒಂದು ಬಳಗಕ್ಕೆ ವಿಳಾಸದ ಪಟ್ಟಿ ಮಾಡಿದ್ದೆ. ನುಡಿಯಲ್ಲೇ ಎಕ್ಸೆಲ್‌ಗೆ ಟೈಪ್ ಮಾಡಿದ್ದು. ಅಕಾರಾದಿ ಮಾಡೋಣ ಅಂತ ಸಾರ್ಟ್ ಒತ್ತಿದರೆ ಆನಂದ, ಜನಾರ್ದನ, ಆದಪ್ಪ, ಜಯಮ್ಮ ಎಲ್ಲರೂ ಕಲಸಿಹೋದರು. ಉಮೇಶನ ಪಕ್ಕ ರಾಮಣ್ಣ. ಕೊನೆಗೆ ಪ್ರಿಂಟ್ ತೆಗೆದು ಕತ್ತರಿಯಲ್ಲಿ ಚೀಟಿ ಮಾಡಿ ಜೋಡಿಸಿದೆ. ಯಾಕೆ ಹಾಗಾಯಿತು ಅಂತ ಇವತ್ತಿಗೂ ಗೊತ್ತಾಗಿರಲಿಲ್ಲ.

ಹಳೇಕೀಲಿಮಣೆ

ಮೇಷ್ಟ್ರೇ, ಅದಕ್ಕೂ ಇದೇ ಕಾರಣ. ನುಡಿಯಲ್ಲಿ 'ಆ' ಕೂತಿರೋದು ದೊಡ್ಡ ಡಿ ಜಾಗದಲ್ಲಿ. 'ಜ' ಕೂತಿರೋದು ಸಣ್ಣ ಡಿ ಜಾಗದಲ್ಲಿ. 'ಉ' ದೊಡ್ಡ ಜಿ, 'ರ' ಸಣ್ಣ ಜಿ. ಎಕ್ಸೆಲ್ ಸಾರ್ಟ್ ಮಾಡುವಾಗ ದೊಡ್ಡಕ್ಷರ ಸಣ್ಣಕ್ಷರ ಅಂತ ಬೇರೆ ಮಾಡಲ್ಲ. ಅದರ ಕಣ್ಣಿಗೆ ಆ, ಜ ಎರಡೂ ಒಂದೇ.

ಇದರ ಇನ್ನೊಂದು ಮುಖ ಜಾಸ್ತಿ ಅಪಾಯ. ವರ್ಡ್‌ನ ಆಟೋಕರೆಕ್ಟ್‌ನಲ್ಲಿ 'ಟೇಬಲ್ ಸೆಲ್‌ನ ಮೊದಲ ಅಕ್ಷರವನ್ನು ದೊಡ್ಡಕ್ಷರ ಮಾಡು' ಅಂತ ಒಂದು ಆಯ್ಕೆ ಇದೆ. ಹಳೇ ಫೈಲಿನಲ್ಲಿ ಏನಾದರೂ ತಿದ್ದುವಾಗ ಅದು ಆನ್ ಇದ್ದರೆ ಸಣ್ಣ ಡಿ ದೊಡ್ಡ ಡಿ ಆಗುತ್ತೆ. ಜನಾರ್ದನ 'ಆನಾರ್ದನ' ಆಗುತ್ತಾರೆ. ಫೈಲ್ ತೆರೆಯುವ ಮೊದಲು ಆಟೋಕರೆಕ್ಟ್‌ನ ದೊಡ್ಡಕ್ಷರದ ಟಿಕ್ ಎಲ್ಲಾ ತೆಗೆಯಿರಿ.

ಸಾಲುಕಂಬ

ಅಕ್ಷರದ ವಿಷಯ ಮೇಲೆ ಚೆನ್ನಾಗಿ ಹೇಳಿದ್ದಾರೆ. ನಾನು ಅಂಕಿಗಳ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಅಲ್ಲಿ ತಪ್ಪು ಕಣ್ಣಿಗೆ ಕಾಣಲ್ಲ.

ಎಕ್ಸೆಲ್‌ಗೆ ನೀವು ಏನು ಕೊಟ್ಟರೂ ಅದು ಮೊದಲು 'ಇದು ಸಂಖ್ಯೆಯಾ, ದಿನಾಂಕವಾ' ಅಂತ ನೋಡುತ್ತೆ. 00417 ಸಂಖ್ಯೆ ಅಂತ ಕಂಡರೆ ಮುಂದಿನ ಸೊನ್ನೆ ತೆಗೆದುಹಾಕುತ್ತೆ. ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಉಳಿಸಿಕೊಳ್ಳುತ್ತೆ. ಖಾತೆ ಸಂಖ್ಯೆ 16 ಅಂಕಿ ಇದ್ದರೆ ಕೊನೆಯದು ಸೊನ್ನೆ. ಆಧಾರ್ 12 ಅಂಕಿ, ಅದು ಹಾಳಾಗಲ್ಲ. ಆದರೆ ಸಾಮಾನ್ಯ ಸೆಲ್‌ನಲ್ಲಿ 11 ಅಂಕಿಗಿಂತ ಜಾಸ್ತಿಯಾದರೆ ನಡುವೆ 'ಇ' ಇರುವ ಚುಟುಕು ರೂಪದಲ್ಲಿ ತೋರಿಸುತ್ತೆ. ಹಾಗೆ ಕಾಣುತ್ತಿರುವಾಗ ಸಿಎಸ್‌ವಿ ಆಗಿ ಸೇವ್ ಮಾಡಿದರೆ ಕಂಡದ್ದೇ ಫೈಲಿಗೆ ಹೋಗುತ್ತೆ. ಆಮೇಲೆ ಪೂರ್ತಿ ಸಂಖ್ಯೆ ಎಲ್ಲಿಂದ ತರುತ್ತೀರಿ?

ಸರ್ವೆ ನಂಬರಿನ ಕತೆ ಇನ್ನೂ ಕಷ್ಟ. 12/3 ದಿನಾಂಕ ಆಗುತ್ತೆ. 112/2 ಹಾಗೇ ಉಳಿಯುತ್ತೆ, ಯಾಕೆಂದರೆ 112ನೇ ತಾರೀಕು ಇಲ್ಲ. 12/3ಅ ಅಂತ ಹಿಸ್ಸಾ ಅಕ್ಷರ ಇದ್ದರೂ ಉಳಿಯುತ್ತೆ. ಒಂದೇ ಕಾಲಂನಲ್ಲಿ ಕೆಲವು ಸರಿ, ಕೆಲವು ತಪ್ಪು. ಮೇಲಿನ ಹತ್ತು ಸಾಲು ನೋಡಿ ಸರಿ ಇದೆ ಅಂತ ಕಳಿಸಿಬಿಟ್ಟರೆ ಗೊತ್ತೇ ಆಗಲ್ಲ.

ಇದು ನಮ್ಮ ಒಬ್ಬರ ಕಷ್ಟ ಅಲ್ಲ. ಮನುಷ್ಯರ ಜೀನ್‌ಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ ಇದೆ. 'ಮಾರ್ಚ್ 1', 'ಸೆಪ್ಟ್ 1' ಅಂತ ಓದುವಂಥ ಜೀನ್ ಹೆಸರುಗಳನ್ನು ಎಕ್ಸೆಲ್ ದಿನಾಂಕ ಮಾಡುತ್ತಿತ್ತು. 2020ರ ಮಾರ್ಗಸೂಚಿಯಲ್ಲಿ ಆ ಜೀನ್‌ಗಳ ಹೆಸರನ್ನೇ ಬದಲಾಯಿಸಿದರು. 2023ರಲ್ಲಿ ಎಕ್ಸೆಲ್‌ಗೆ ಇಂಥ ತಾನಾಗಿ ಆಗುವ ಬದಲಾವಣೆ ನಿಲ್ಲಿಸುವ ಆಯ್ಕೆಗಳು ಬಂದವು. ಮುಂದಿನ ಸೊನ್ನೆ, ಉದ್ದದ ಸಂಖ್ಯೆ, ತಿಂಗಳ ಹೆಸರಿನಂತೆ ಕಾಣುವ ಅಕ್ಷರ-ಅಂಕಿ ಇವಕ್ಕೆ ಅದು ಸಾಕು. ಓರೆಗೀಟಿನ ಸರ್ವೆ ನಂಬರಿಗೆ ಅದನ್ನು ನಂಬಬೇಡಿ.

ದಾರಿ ಒಂದೇ. ಖಾಲಿ ಶೀಟ್ ತೆರೆಯಿರಿ. ಏನನ್ನೂ ಹಾಕುವ ಮೊದಲೇ ಪೂರ್ತಿ ಶೀಟ್ ಆಯ್ಕೆ ಮಾಡಿ 'ಟೆಕ್ಸ್ಟ್' ಅಂತ ಫಾರ್ಮ್ಯಾಟ್ ಕೊಡಿ. ಆಮೇಲೆ ವರ್ಡ್‌ನ ಟೇಬಲ್ ಪೇಸ್ಟ್ ಮಾಡುವಾಗ 'ಮ್ಯಾಚ್ ಡೆಸ್ಟಿನೇಶನ್ ಫಾರ್ಮ್ಯಾಟಿಂಗ್' ಆರಿಸಿ. ಪೇಸ್ಟ್ ಮಾಡಿದ ಮೇಲೆ ಟೆಕ್ಸ್ಟ್ ಮಾಡಿದರೆ ಪ್ರಯೋಜನ ಇಲ್ಲ. ಆಗ 12-ಮಾರ್ಚ್ ಹೋಗಿ ಐದಂಕಿಯ ಒಂದು ಸಂಖ್ಯೆ ಕಾಣುತ್ತೆ, ಅಷ್ಟೇ.

ಪೇಟೆಬೀದಿ

ಇಷ್ಟೆಲ್ಲ ಯಾಕೆ? 1,386 ಹೆಸರು ತಾನೇ. ಇಬ್ಬರು ಹುಡುಗರನ್ನು ಕೂರಿಸಿ ಯೂನಿಕೋಡ್‌ನಲ್ಲಿ ಮತ್ತೆ ಟೈಪ್ ಮಾಡಿಸಿ. ನಾಲ್ಕು ದಿನದ ಕೆಲಸ.

ಸಾಲುಕಂಬ

ಪೇಟೆಬೀದಿ ಅವರೇ, ಐವತ್ತು ಸಾಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇಲ್ಲಿ ಖಾತೆ ಸಂಖ್ಯೆ ಇದೆ. ಕೈಯಲ್ಲಿ ಟೈಪ್ ಮಾಡಿದರೆ ಯಾವ ಸಾಲಿನಲ್ಲಿ ಬೆರಳು ಜಾರಿದೆ ಅಂತ ಯಾರಿಗೂ ಗೊತ್ತಾಗಲ್ಲ. ಪರಿವರ್ತಕದ ತಪ್ಪು ಹಾಗಲ್ಲ. ಒಂದು ಕಡೆ ಮಾಡಿದ ತಪ್ಪನ್ನೇ ಎಲ್ಲಾ ಕಡೆ ಮಾಡುತ್ತೆ. ಒಂದು ಹಿಡಿದರೆ ಎಲ್ಲಾ ಸಿಕ್ಕಂತೆ.

ತೆರೆದಕಿಟಕಿ

ಲಿಬ್ರೆಆಫೀಸ್ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಉಚಿತ, ಮತ್ತು ಈ ಕೆಲಸಕ್ಕೆ ಎರಡು ಕಡೆ ತುಂಬಾ ಅನುಕೂಲ.

ಒಂದು, 23 ಹಳೇ ಡಾಕ್ ಫೈಲುಗಳನ್ನು ಒಂದೊಂದಾಗಿ ತೆರೆದು ಡಾಕ್ಸ್ (ವರ್ಡ್‌ನ ಹೊಸ ಫಾರ್ಮ್ಯಾಟ್) ಮಾಡಬೇಕಿಲ್ಲ. ಲಿಬ್ರೆಆಫೀಸನ್ನು ಕಮಾಂಡ್‌ನಿಂದ ಹೆಡ್‌ಲೆಸ್ ಆಗಿ, ಅಂದರೆ ಕಿಟಕಿ ತೆರೆಯದೆ ಓಡಿಸಿ 'ಕನ್ವರ್ಟ್-ಟು' ಅಂತ ಕೊಟ್ಟರೆ ಇಡೀ ಫೋಲ್ಡರ್ ಒಂದೇ ಸಲಕ್ಕೆ ಆಗುತ್ತೆ. ಇದರಿಂದ ನುಡಿ ಯೂನಿಕೋಡ್ ಆಗಲ್ಲ, ಪೆಟ್ಟಿಗೆ ಮಾತ್ರ ಬದಲಾಗುತ್ತೆ. ಫಾಂಟಿನ ಹೆಸರು ಒಳಗೆ ಭದ್ರವಾಗಿ ಇರುತ್ತೆ.

ಎರಡು, ಅದರ ಕ್ಯಾಲ್ಕ್ ಸಿಎಸ್‌ವಿ ತೆರೆಯುವಾಗ ಮೊದಲು ಕೇಳುತ್ತೆ. ಅಕ್ಷರ ಸಂಕೇತ ಯಾವುದು, ಯಾವ ಕಾಲಂ ಟೆಕ್ಸ್ಟ್ ಅಂತ ಅಲ್ಲೇ ಹೇಳಬಹುದು. ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿದರೆ ಆ ಅವಕಾಶ ಇಲ್ಲ. ಎಕ್ಸೆಲ್‌ನಲ್ಲೂ ಡೇಟಾ ಮೆನುವಿನಿಂದ 'ಫ್ರಮ್ ಟೆಕ್ಸ್ಟ್/ಸಿಎಸ್‌ವಿ' ಅಂತ ಹೋದರೆ ಸಿಗುತ್ತೆ. ಆದರೆ ಅಲ್ಲಿ 'ಚೇಂಜ್ಡ್ ಟೈಪ್' ಅನ್ನೋ ಹೆಜ್ಜೆಯನ್ನು ಅದು ತಾನಾಗಿಯೇ ಸೇರಿಸಿರುತ್ತೆ. ಅದನ್ನು ಅಳಿಸಬೇಕು.

ಡಾಕ್ಸ್ ಫೈಲ್ ಅಂದರೆ ಒಂದು ಜಿಪ್ ಫೈಲ್ ಅಷ್ಟೇ. ಕೊನೆಯ ಹೆಸರನ್ನು ಜಿಪ್ ಅಂತ ಬದಲಿಸಿ ಬಿಚ್ಚಿ ನೋಡಿ. ಒಳಗಿನ ಡಾಕ್ಯುಮೆಂಟ್ ಫೈಲಿನಲ್ಲಿ ನಿಮ್ಮ ಬರಹ, ಅದರ ಪಕ್ಕದಲ್ಲೇ ಫಾಂಟಿನ ಹೆಸರು ಕಾಣುತ್ತೆ. ಮೇಲೆ ಹಳೇಕೀಲಿಮಣೆ ಹೇಳಿದ ಮಾತು ಕಣ್ಣಾರೆ ಕಂಡಂತಾಗುತ್ತೆ.

ಅಡಿಕೆಲೆಕ್ಕ

ಬಿಚ್ಚಿ ನೋಡಿದೆ! ನಮ್ಮ ಫೈಲಿನಲ್ಲಿ 'ನುಡಿ 01 ಇ' ಅಂತ ಸಾಲು ಸಾಲಾಗಿ ಇದೆ. ಐಎಫ್‌ಎಸ್‌ಸಿ ಇರುವ ಕಡೆ ಟೈಮ್ಸ್ ನ್ಯೂ ರೋಮನ್. ಈಗ ಅರ್ಥ ಆಯಿತು.

ಒಂದು ಅನುಮಾನ. ಬೇರೆ ಬೇರೆ ಹಂತದಲ್ಲಿ ನನಗೆ ಬೇರೆ ಬೇರೆ ಥರದ ಕೆಟ್ಟ ಅಕ್ಷರ ಕಾಣುತ್ತಿದೆ. ಎಲ್ಲಾ ಒಂದೇ ತೊಂದರೆಯಾ?

ಹಳೇಕೀಲಿಮಣೆ

ಒಳ್ಳೇ ಪ್ರಶ್ನೆ. ಒಂದೇ ಅಲ್ಲ. ಕೆಟ್ಟ ಅಕ್ಷರದ ಮುಖ ನೋಡಿಯೇ ರೋಗ ಹೇಳಬಹುದು.

ಗೀಟಿನ ದೊಡ್ಡ ಎ, ಪೌಂಡ್ ಚಿಹ್ನೆ, ಜಪಾನಿನ ಯೆನ್ ಚಿಹ್ನೆ ಇವೆಲ್ಲ ಕಂಡರೆ ಅದು ನುಡಿ ಅಥವಾ 'ಬರಹ' ತಂತ್ರಾಂಶದ ಹಳೇ ಬರವಣಿಗೆ. ಗಾಬರಿ ಬೇಡ, ನುಡಿ ಫಾಂಟ್ ಕೊಟ್ಟರೆ ಓದಲು ಬರುತ್ತೆ, ಪರಿವರ್ತಿಸಲೂ ಬರುತ್ತೆ.

ಗೀಟಿನ *ಸಣ್ಣ* ಎ, ಅದರ ಪಕ್ಕ ಮೇಲಕ್ಕೆ ಏರಿಸಿ ಬರೆದ ಪುಟಾಣಿ 2 ಅಥವಾ 3, ಇದೇ ಜೋಡಿ ಮತ್ತೆ ಮತ್ತೆ ಬರುತ್ತಿದ್ದರೆ ಅದು ಸರಿಯಾದ ಯೂನಿಕೋಡ್ ಕನ್ನಡ. ತೆರೆಯುವ ತಂತ್ರಾಂಶ ಯುಟಿಎಫ್-8 (ಯೂನಿಕೋಡನ್ನು ಫೈಲಿನಲ್ಲಿ ಬರೆದಿಡುವ ಕ್ರಮ) ಅಂತ ಗುರುತಿಸಿಲ್ಲ, ಅಷ್ಟೇ. ಸೇವ್ ಮಾಡದೆ ಮುಚ್ಚಿ, ಸರಿಯಾದ ಸಂಕೇತ ಆರಿಸಿ ಮತ್ತೆ ತೆರೆಯಿರಿ.

ಬರೀ ಚೌಕ ಚೌಕ ಕಂಡರೆ ಆ ಗಣಕದಲ್ಲಿ ಕನ್ನಡ ಫಾಂಟ್ ಇಲ್ಲ. ಫೈಲಿಗೆ ಏನೂ ಆಗಿಲ್ಲ.

ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಮಾತ್ರ ಹೋಯಿತು. ಎಕ್ಸೆಲ್‌ನಲ್ಲಿ ಸುಮ್ನೆ 'ಸಿಎಸ್‌ವಿ' ಅಂತ ಒಂದು ಆಯ್ಕೆ ಇದೆ, 'ಸಿಎಸ್‌ವಿ ಯುಟಿಎಫ್-8' ಅಂತ ಇನ್ನೊಂದು. ಮೊದಲನೆಯದರಲ್ಲಿ ಕನ್ನಡ ಅಕ್ಷರಕ್ಕೆ ಜಾಗವೇ ಇಲ್ಲ. ಪ್ರತಿ ಅಕ್ಷರದ ಬದಲು ಪ್ರಶ್ನಾರ್ಥಕ ಬರೆದುಬಿಡುತ್ತೆ. ಅದನ್ನು ಯಾವ ಸಲಕರಣೆಯೂ ಹಿಂದಕ್ಕೆ ತರಲಾರದು. ನನ್ನ ಕೈಯಲ್ಲೇ ಒಬ್ಬರ ವಂಶಾವಳಿಯ ಪಟ್ಟಿ ಹೀಗೆ ಹೋಗಿದೆ. ಅವರಿಗೆ ಫೋನ್ ಮಾಡಿ ಹೇಳಿದ ದಿನ ನೆನಪಿದ್ದೇ ಇದೆ. ಮೂಲ ಫೈಲ್ ಎತ್ತಿಡಿ ಅಂತ ಮೊದಲೇ ಹೇಳಿದ್ದು ಅದಕ್ಕೇ.

ಈಗ ನಿಮ್ಮ ಕೆಲಸದ ಕ್ರಮ. ವಿಳಾಸದ ಸೆಲ್ ಎರಡಾಗಿ ಒಡೆಯೋದು ಒಳಗಿನ ಎಂಟರ್‌ನಿಂದ. ವರ್ಡ್‌ನಲ್ಲಿ ಟೇಬಲ್ ಮಾತ್ರ ಆಯ್ಕೆ ಮಾಡಿ, ಪ್ಯಾರಾಗ್ರಾಫ್ ಗುರುತನ್ನು ಹುಡುಕಿ ಅದರ ಜಾಗಕ್ಕೆ ## ಹಾಕಿ. ಸೆಲ್‌ನ ಗಡಿ ಅದರಿಂದ ಕೆಡಲ್ಲ. ಆಮೇಲೆ ಸಾಲುಕಂಬ ಹೇಳಿದಂತೆ ಟೆಕ್ಸ್ಟ್ ಶೀಟಿಗೆ ಪೇಸ್ಟ್ ಮಾಡಿ. ಸಾಲು ಎಣಿಸಿ. ಎಣಿಕೆ ಸರಿ ಬಂದ ಮೇಲೆ ಕನ್ನಡ ಇರುವ ಕಾಲಂ ಮಾತ್ರ ಒಂದೊಂದಾಗಿ ಕಾಪಿ ಮಾಡಿ ಪರಿವರ್ತಕಕ್ಕೆ ಕೊಡಿ. ಬಂದದ್ದನ್ನು ಹಳೇ ಕಾಲಂ ಪಕ್ಕದಲ್ಲಿ ಹೊಸ ಕಾಲಂಗೆ ಹಾಕಿ. ಹಳೇದನ್ನು ಅಳಿಸಬೇಡಿ, ಅದಕ್ಕೆ ನುಡಿ ಫಾಂಟ್ ಕೊಡಿ. ಎಡಕ್ಕೆ ನುಡಿ, ಬಲಕ್ಕೆ ಯೂನಿಕೋಡ್. ಎರಡೂ ಒಂದೇ ಥರ ಓದಬೇಕು. ಎಲ್ಲಾ ಮುಗಿದ ಮೇಲೆ ## ಅನ್ನು ಹುಡುಕಿ, ಬದಲಿಸುವ ಜಾಗದಲ್ಲಿ ಕಂಟ್ರೋಲ್ ಒತ್ತಿ ಜೆ ಒತ್ತಿ. ಸೆಲ್ ಒಳಗೇ ಸಾಲು ಮುರಿಯುತ್ತೆ.

ಕಣ್ಣಿಡಬೇಕಾದದ್ದು ಅರ್ಕಾವತ್ತಿನ ಮೇಲೆ. ನುಡಿಯಲ್ಲಿ 'ಸೂರ್ಯ' ಬರೆದರೆ ಅರ್ಕಾವತ್ತು ಕೊನೆಯಲ್ಲಿ ಇರುತ್ತೆ. ಯೂನಿಕೋಡ್‌ನಲ್ಲಿ ರ ಮೊದಲು, ಯ ಆಮೇಲೆ. ಪರಿವರ್ತಕ ಅದನ್ನು ಎತ್ತಿ ಮುಂದಕ್ಕೆ ಇಡಬೇಕು. ಒತ್ತಕ್ಷರದ ಮೇಲೆ ಅರ್ಕಾವತ್ತು ಬಂದಾಗ ಕೆಲವು ಪರಿವರ್ತಕಗಳು ಎಡವುತ್ತವೆ.

ಕಡಲತಡಿ

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಕೊನೆಗೆ ಉಳಿಸುವಾಗ ಎಕ್ಸೆಲ್‌ನ ಹಳೇ ಫಾರ್ಮ್ಯಾಟ್ ಎಕ್ಸ್‌ಎಲ್‌ಎಸ್ ಆರಿಸಬೇಡಿ. ಅದರಲ್ಲಿ 65,536 ಸಾಲು ಮಾತ್ರ. ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ 10,48,576. ನಿಮ್ಮ ಪಟ್ಟಿ ಚಿಕ್ಕದು, ಆದರೂ ಅಭ್ಯಾಸ ಇರಲಿ. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋದದ್ದು ಈ ಹಳೇ ಫಾರ್ಮ್ಯಾಟಿನ ಮಿತಿಯಿಂದಲೇ. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಅಷ್ಟು ದಿನ ತಡವಾಯಿತು.

ಅಡಿಕೆಲೆಕ್ಕ

ಹನ್ನೊಂದು ದಿನ ಆಯಿತು. 23 ಫೈಲೂ ಮುಗಿದಿದೆ. ಸಾಲು ಸರಿಯಾಗಿ 1,386. ಅರ್ಕಾವತ್ತಿನದ್ದು 31 ಕಡೆ ತಪ್ಪಿತ್ತು, ಎಡ-ಬಲ ಇಟ್ಟು ನೋಡಿದ್ದರಿಂದ ಎಲ್ಲಾ ಸಿಕ್ಕಿತು. ಮೂರು ಕಡೆ 'ಆನಾರ್ದನ' ಕೂಡ ಇತ್ತು, ಅದು ಮೂಲ ಫೈಲಿನಲ್ಲೇ ಇದ್ದ ತಪ್ಪು.

ಈಗ ಹೊಸ ತೊಡಕು. ಊರಿನ ಹುಡುಗರು ಮೊಬೈಲಿನಲ್ಲಿ ತುಂಬಿ ಕಳಿಸಿದ ಫೋನ್ ನಂಬರಿನ ಪಟ್ಟಿ ಇದೆ. ಹೆಸರು ಮತ್ತು ಊರು ಇಟ್ಟು ವಿ-ಲುಕಪ್‌ನಲ್ಲಿ (ಒಂದು ಪಟ್ಟಿಯದ್ದನ್ನು ಇನ್ನೊಂದರಲ್ಲಿ ಹುಡುಕುವ ಎಕ್ಸೆಲ್ ಫಂಕ್ಷನ್) ಜೋಡಿಸಿದರೆ ಸುಮಾರು ಜನ ಸಿಗುತ್ತಲೇ ಇಲ್ಲ. ಗಂಗಮ್ಮ ಇಲ್ಲೂ ಇದ್ದಾರೆ, ಅಲ್ಲೂ ಇದ್ದಾರೆ. ಕಣ್ಣಿಗೆ ಎರಡೂ ಒಂದೇ.

ಸಾಲುಕಂಬ

ಅದು ಸೊನ್ನೆ ಇರಬೇಕು. 'ಗಂಗಮ್ಮ' ಮತ್ತು 'ಗ೦ಗಮ್ಮ'. ಎರಡನೆಯದರಲ್ಲಿ ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿ ಇದೆ. ಆ ಒಂದು ಅಕ್ಷರವನ್ನು ಮಾತ್ರ ಒಂದು ಸೆಲ್‌ಗೆ ಹಾಕಿ ಯೂನಿಕೋಡ್ ಫಂಕ್ಷನ್ ಕೊಡಿ. 3202 ಬಂದರೆ ಅನುಸ್ವಾರ, 3302 ಬಂದರೆ ಸೊನ್ನೆ. ಹೆಸರು, ಊರಿನ ಕಾಲಂನಲ್ಲಿ ಮಾತ್ರ ಸೊನ್ನೆಯನ್ನು ಅನುಸ್ವಾರ ಮಾಡಿ. ಕನ್ನಡ ಅಂಕಿ ಇರುವ ಕಾಲಂ ಮುಟ್ಟಬೇಡಿ.

ಅದಾದ ಮೇಲೂ ಸಿಗದಿದ್ದರೆ ಅಕ್ಷರ ಎಣಿಸುವ ಲೆನ್ ಫಂಕ್ಷನ್ ಹಾಕಿ. ಎರಡು ಹೆಸರಿನ ಎಣಿಕೆ ಬೇರೆ ಬಂದರೆ ನಡುವೆ ಕಾಣದ ಗುರುತು ಇದೆ. ಒತ್ತು ಬೀಳದಂತೆ ತಡೆಯುವ ಆ ಗುರುತಿನ ಸಂಖ್ಯೆ 8204. ದೀರ್ಘವೂ ಹೀಗೇ ಕಾಡುತ್ತೆ. 'ಕೀ' ಅನ್ನೋದನ್ನು ಕ, ದೀರ್ಘ ಈ ಅಂತಲೂ ಬರೆಯಬಹುದು, ಕಿ ಪಕ್ಕ ದೀರ್ಘದ ಗುರುತು ಇಟ್ಟೂ ಬರೆಯಬಹುದು. ನೋಡೋಕೆ ಒಂದೇ, ಎಕ್ಸೆಲ್‌ಗೆ ಎರಡು.

ಅಡಿಕೆಲೆಕ್ಕ

ಸೊನ್ನೆಯೇ! 3302 ಬಂತು. ಬದಲಿಸಿದ ಮೇಲೆ ಒಂಬತ್ತು ಜನ ಬಿಟ್ಟು ಎಲ್ಲರೂ ಸಿಕ್ಕರು. ಆ ಒಂಬತ್ತು ಜನಕ್ಕೆ ಕಾಣದ ಗುರುತು ಇತ್ತು.

ಕೊನೆಯದೊಂದು. ಇದೇ ಶೀಟಿನಿಂದ ವರ್ಡ್‌ಗೆ ಮೇಲ್ ಮರ್ಜ್ (ಪಟ್ಟಿಯ ವಿವರವನ್ನು ಪತ್ರದಲ್ಲಿ ತಾನಾಗಿ ತುಂಬಿಸೋದು) ಮಾಡಿ ನೋಟಿಸ್ ತೆಗೆಯುತ್ತಿದ್ದೇನೆ. ಸದಸ್ಯರಾದ ದಿನಾಂಕ 05/11/2004 ಇರುವ ಕಡೆ 11/5/2004 ಅಂತ ಬರುತ್ತಿದೆ.

ಮೇಷ್ಟ್ರು

ಇದು ನನಗೆ ಗೊತ್ತು! ಮರ್ಜ್ ಮಾಡುವಾಗ ವರ್ಡ್ ದಿನಾಂಕವನ್ನು ಅಮೆರಿಕದ ಕ್ರಮದಲ್ಲಿ, ತಿಂಗಳು ಮೊದಲು ತರುತ್ತೆ. ಶೀಟಿನಲ್ಲಿ ಪಕ್ಕದ ಕಾಲಂ ಒಂದು ಮಾಡಿ, ಟೆಕ್ಸ್ಟ್ ಫಂಕ್ಷನ್‌ನಿಂದ ದಿನ, ತಿಂಗಳು, ವರ್ಷ ಅಂತ ಬರೆಸಿ. ಪತ್ರದಲ್ಲಿ ಆ ಕಾಲಂ ಹೆಸರು ಕೊಡಿ.

ಅಡಿಕೆಲೆಕ್ಕ

ಸರಿ ಬಂತು ಮೇಷ್ಟ್ರೇ. ಈಗ ಊರಿಗೊಂದರಂತೆ ಪ್ರಿಂಟ್ ತೆಗೆದು ಆಯಾ ಊರಿನ ಹಿರಿಯರಿಗೆ ಓದಿ ಹೇಳುತ್ತಿದ್ದೇನೆ. ನಿನ್ನೆ ಮೊದಲ ಊರು ಮುಗಿಯಿತು. 64 ಹೆಸರು, ಒಂದೂ ತಪ್ಪಿಲ್ಲ.